ಅಮ್ಮನಿಗೊಂದು ಕಾರು

ಕಾರು ಕೊಳ್ಳಲು ಬರುವವರಿಗೆ ಎಲ್ಲವೂ ಗೊತ್ತಿರುತ್ತದೆ, ಕಾರು ಯಾಕೆ ಬೇಕು ಎನ್ನುವುದೊಂದನ್ನು ಬಿಟ್ಟು. ಗುರುವಾಯನಕೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ ಮಾಡುವ ನನಗೆ ಇದು ವಾರಕ್ಕೊಮ್ಮೆಯಾದರೂ ಎದುರಾಗುತ್ತದೆ. ಅಗತ್ಯ ಬೇರೆ, ಬೇಡಿಕೆ ಬೇರೆ ಎಂದು ಅರ್ಥಶಾಸ್ತ್ರದ ಎಂ.ಎ. ತರಗತಿಯಲ್ಲಿ ಕಲಿಸಿದ್ದರು. ಆಗ ಬರೆದು ಪಾಸಾದೆ. ಅರ್ಥವಾದದ್ದು ಈ ಒಂದು ಕುಟುಂಬದಿಂದ.

ಮಗ

ವಾಮದಪದವಿನಲ್ಲಿ ಹೋಟೆಲ್ ಇಟ್ಟವರು. ಅವರ ತಾಯಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ವಾರಕ್ಕೆರಡು ಸಲ ಮೂಡುಬಿದಿರೆಗೆ ಡಯಾಲಿಸಿಸ್. ಮಂಡಿ ಮಡಚಲಿಕ್ಕಾಗದು, ಪಾದ ಊದಿಕೊಂಡಿರುತ್ತದೆ. ಆಸ್ಪತ್ರೆ ತುಂಬಿಸಿದ ಜೀವವನ್ನು ಮನೆ ಮುಟ್ಟುವುದರೊಳಗೆ ರಿಕ್ಷಾದ ಕುಲುಕಾಟ ಖಾಲಿ ಮಾಡುತ್ತಿತ್ತು.

"ಅಮ್ಮನಿಗೋಸ್ಕರ ಒಂದು ಕಾರು ಬೇಕು" ಎಂದರು.

ಸೀಟು ಸೊಂಟದ ಎತ್ತರಕ್ಕಿರುವ, ಬಾಗಿಲು ಅಗಲವಾಗಿ ತೆರೆಯುವ ಒಂದು ಸಣ್ಣ ಕಾರು ತೋರಿಸಿದೆ. ಹಿಂದೆ ಮುಂದೆ ನೋಡಿದರು.

"ಒಳ್ಳೆದುಂಟು. ಆದ್ರೆ ದಿಬ್ಬಣಕ್ಕೆ ಸಾಕಾಗ್ತದಾ?"

"ಮನೆಯಲ್ಲಿ ಮದುವೆ ಉಂಟಾ?"

"ಈಗ ಇಲ್ಲ. ಮಗಳದ್ದು ಒಂದು ಆಗ್ಲಿಕ್ಕುಂಟಲ್ಲ."

"ಮಗಳು ಏನು ಮಾಡ್ತಾಳೆ?"

"ಅಂಗನವಾಡಿಗೆ ಹೋಗ್ತಾಳೆ."

ಮಾವ

ಮರುದಿನ ಮಾವ ಬಂದರು, ಅಂದರೆ ತಾಯಿಯ ಅಣ್ಣ. ಆ ಮನೆಯಲ್ಲಿ ದುಡ್ಡು ಯಾರದ್ದೇ ಇರಲಿ, ಮಾತು ತಾಯಿಯ ಅಣ್ಣನದು. ಅವರು ಕಾರಿನ ಬಾಗಿಲನ್ನೇ ತೆರೆಯಲಿಲ್ಲ. ಒಂದು ಸುತ್ತು ಬಂದು, ಬಾನೆಟ್ಟಿಗೆ ಬೆರಳಿನಿಂದ ಕುಟ್ಟಿದರು.

"ಇದ್ರಿಂದ ಇಳಿದ್ರೆ ಯಾರು ಇಳಿದದ್ದು ಅಂತ ಯಾರೂ ತಿರುಗಿ ನೋಡ್ಲಿಕ್ಕಿಲ್ಲ ಮಾರಾಯ್ರೆ."

"ನಿಮ್ಮ ತಂಗಿ ಆಸ್ಪತ್ರೆಗೆ ಹೋಗ್ಲಿಕ್ಕಲ್ವಾ?"

"ಯಾಕೆ, ಆಸ್ಪತ್ರೆಯಲ್ಲಿ ನಮ್ಮ ಜನ ಇರುದಿಲ್ವಾ?"

ಮೂಲೆಯಲ್ಲಿದ್ದ ದೊಡ್ಡ ಕಪ್ಪು ಗಾಡಿ ಅವರಿಗೆ ಹಿಡಿಸಿತು. ಹತ್ತಿ ಕುಳಿತು ಗಾಜು ಇಳಿಸಿ ಕೆಳಗೆ ನೋಡಿದರು. "ಇದು ಕಾರು! ಎದುರು ಬರುವವನ ನೆತ್ತಿಯಲ್ಲಿ ಎಷ್ಟು ಕೂದಲುಂಟು ಅಂತ ಕೂಡ ಕಾಣ್ತದೆ."

ತಂಗಿಯನ್ನೊಮ್ಮೆ ಕರೆದುಕೊಂಡು ಬನ್ನಿ, ಹತ್ತಲಿಕ್ಕಾಗುತ್ತದಾ ನೋಡುವ ಎಂದೆ.

"ಅವಳಿಗೆ ಕಾರಿನ ವಿಷಯ ಎಂತ ಗೊತ್ತುಂಟು?"

ದುಬೈ

ದುಡ್ಡು ಕೊಡುವವನು ದುಬೈಯಲ್ಲಿದ್ದ ಕಿರಿಯ ಮಗ. ಹೋಟೆಲಿನ ಅಣ್ಣ ವೀಡಿಯೊ ಕಾಲ್ ಮಾಡಿ ಮೊಬೈಲನ್ನು ಕಪ್ಪು ಗಾಡಿಯ ಸುತ್ತ ಆರತಿಯ ಹಾಗೆ ತಿರುಗಿಸಿದರು. ಅವನು ಬ್ರೇಕ್ ಕೇಳಲಿಲ್ಲ, ಟಯರ್ ಕೇಳಲಿಲ್ಲ.

"ಸನ್‌ರೂಫ್ ಉಂಟಲ್ಲ?"

"ಉಂಟು. ಈ ಊರಿಗೆ ಯಾಕೆ? ಆರು ತಿಂಗಳು ಬಿಸಿಲು, ಆರು ತಿಂಗಳು ಮಳೆ" ಎಂದೆ.

"ಅಲ್ಲ, ಅಮ್ಮ ಹಿಂದೆ ಒರಗಿ ಕೂತ್ರೆ ಸೀದಾ ಮೇಲೆ ಕಾಣ್ತದೆ."

ತಾಯಿಗೆ ಮೇಲಿನ ದಾರಿ ತೋರಿಸುವ ಆತುರ ಯಾಕೆ ಎಂದು ನಾನು ಕೇಳಲಿಲ್ಲ. ಗಿರಾಕಿ ಅಲ್ಲವಾ.

ಪೂಜೆ

ಜೋಯಿಸರು ಕೊಟ್ಟ ಮುಹೂರ್ತ ಡಯಾಲಿಸಿಸ್ ದಿನದಂದೇ ಬಿತ್ತು. ಮುಹೂರ್ತ ಮುಂದೆ ಹೋಗುವುದಿಲ್ಲ. ಡಯಾಲಿಸಿಸ್ ಹೋಯಿತು, ಮರುದಿನಕ್ಕೆ. ತಾಯಿ ಬರಲೇಬೇಕು. ಅವರಿಗೋಸ್ಕರ ತೆಗೆದ ಕಾರಿಗೆ ಅವರಿಲ್ಲದೆ ಪೂಜೆ ಹೇಗೆ?

ಬೀಗದ ಕೈ ಕೊಡಲು ನಾನೂ ದೇವಸ್ಥಾನಕ್ಕೆ ಹೋಗಿದ್ದೆ. ಹಾರ ಹಾಕಿದರು, ಲಿಂಬೆ ಇಟ್ಟರು. ತಾಯಿಯನ್ನು ಹತ್ತಿಸಲು ಹೊರಟಾಗ ಕಾರಿನ ಮೆಟ್ಟಿಲು ಅವರ ಮಂಡಿಯ ಎತ್ತರದಲ್ಲಿತ್ತು. ಮಗ ಎಡಗೈ ಹಿಡಿದರು, ಸೊಸೆ ಬಲಗೈ ಹಿಡಿದಳು, ಮಾವ ದೂರದಿಂದ ಸಲಹೆ ಹಿಡಿದರು. ಹೋಟೆಲಿನ ಪ್ಲಾಸ್ಟಿಕ್ ಸ್ಟೂಲು ಬಂತು. ಕಾಲಿಟ್ಟ ಕೂಡಲೇ ಅದರ ಕಾಲು ಮುರಿಯಿತು. ಪುಣ್ಯ, ತಾಯಿಯದ್ದಲ್ಲ.

"ಅಮ್ಮಾ, ನೀವು ಇಲ್ಲೇ ಕಟ್ಟೆಯಲ್ಲಿ ಕೂತ್ಕೊಳ್ಳಿ. ಮುಹೂರ್ತ ತಪ್ತದೆ. ನಾವು ಒಂದು ರೌಂಡ್ ಹೋಗಿ ಬರ್ತೇವೆ."

ಎಲ್ಲರೂ ಹೋದರು. ಲಿಂಬೆ ಒಡೆಯಿತು. ಊದಿದ ಪಾದಗಳನ್ನು ಮುಂದಕ್ಕೆ ಚಾಚಿಕೊಂಡು ತಾಯಿ ಕಟ್ಟೆಯಲ್ಲಿ ಕುಳಿತಿದ್ದರು.

ವಾಪಸು ಬಂದ ಮಗ ಉಬ್ಬಿ ಕೇಳಿದರು, "ಹೇಗುಂಟು ಅಮ್ಮಾ, ನಿಮ್ಮ ಕಾರು?"

"ಹೊರಗಿಂದ ಚಂದ ಉಂಟು."

ವ್ಯಾನ್

ತಾಯಿಗೆ ಹತ್ತಲಾಗದ ಕಪ್ಪು ಗಾಡಿ ಕೆಲವೇ ದಿನಗಳಲ್ಲಿ ನನ್ನ ಅಂಗಳಕ್ಕೆ ಮರಳಿತು. ಅಷ್ಟರಲ್ಲಿ ತಾಯಿ ಒಂದು ಡಯಾಲಿಸಿಸ್ಸಿಗೆ ಹೋಗಲೇ ಇಲ್ಲ. ರಿಕ್ಷಾದಲ್ಲಿ ಇನ್ನು ಕೂರಲಾರೆ ಎಂದಿದ್ದರಂತೆ. ಉಸಿರಾಟ ನೋಡಿ ಡಾಕ್ಟರು ಬೈದಿದ್ದರು, ಇನ್ನೊಂದು ತಪ್ಪಿಸಿದರೆ ಕಾರಿನ ಅಗತ್ಯವೇ ಬೀಳಲಿಕ್ಕಿಲ್ಲ ಎಂದು. ಬೇರೆ ಕಾರು ಬೇಕಾದರೆ ತಾಯಿಯನ್ನು ಕರೆದುಕೊಂಡೇ ಬನ್ನಿ ಎಂದು ನಾನೂ ಹಟ ಹಿಡಿದೆ. ಕರೆತಂದರು. ಜೊತೆಗೆ ಮಾವ ಇದ್ದೇ ಇದ್ದರು.

ಮಗ ಮತ್ತು ಮಾವ ಕಾರುಗಳ ನಡುವೆ ವಾದ ಮಾಡುತ್ತಿದ್ದಾಗ ನಿಲ್ಲಲಾಗದ ತಾಯಿ, ಬಾಗಿಲು ತೆರೆದಿದ್ದ ಒಂದು ಬಿಳಿ ವ್ಯಾನಿನ ಅಂಚಿನಲ್ಲಿ ಕುಳಿತರು. ಆಮೇಲೆ ಕೈಯಿಂದ ಒಂದೊಂದೇ ಕಾಲು ಎತ್ತಿ ಒಳಗಿಟ್ಟು, ಜರುಗಿ, ಸೀಟಿಗೆ ಒರಗಿದರು. ಯಾರೂ ಹಿಡಿಯಲಿಲ್ಲ.

"ಇದು ಆಗ್ತದೆ" ಎಂದರು.

ಅದು ಹಳೆ ಆಂಬುಲೆನ್ಸ್. ಕಾಗದಪತ್ರ ಬದಲಿಸಿ, ಸೀಟು ಹಾಕಿಸಿದ್ದೆ. ಆದರೂ ಕೊಳ್ಳುವವರಿರಲಿಲ್ಲ. ಮಂಗಳೂರಿನ ಆಸ್ಪತ್ರೆಗಳಿಂದ ಅದು ಮನೆಗೆ ತಂದ ಹೆಣಗಳ ನೆನಪು ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಲ್ಲರಿಗೂ ಇತ್ತು.

ಮಾವ ಓಡಿ ಬಂದರು. "ಇಳಿ ಮಾರಾಯ್ತಿ! ಅದು ಹೆಣ ತರುವ ಗಾಡಿ!"

"ಗೊತ್ತುಂಟು. ಈ ಮಕ್ಕಳ ಅಪ್ಪನನ್ನು ತಂದದ್ದು ಇದ್ರಲ್ಲೇ ಅಲ್ವಾ? ಒಂದು ದಿನ ನನ್ನನ್ನೂ ಇಂಥದ್ರಲ್ಲೇ ಮಲಗಿಸಿ ತರುವವರು ನೀವು. ಅಲ್ಲಿವರೆಗೆ ಕೂತ್ಕೊಂಡು ಹೋಗಿ ಬರ್ತೇನೆ."

 ಮಾವ ವ್ಯಾನಿಗೆ ಒಂದು ಸುತ್ತು ಬಂದು, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಬೇರೆ ಬಣ್ಣ ಹೊಡೆಸಿ ಕೊಡ್ಲಿಕ್ಕಾಗ್ತದಾ? ಒಂದು ವಾರ ಹಿಡಿದ್ರೂ ಅಡ್ಡಿ ಇಲ್ಲ."

ಒಳಗಿನಿಂದ ತಾಯಿಯೇ ಉತ್ತರಿಸಿದರು.

"ಬೇಡ ಅಣ್ಣಾ. ಬಣ್ಣ ಒಣಗುದ್ರೊಳಗೆ ನಾನು ಹೋದ್ರೆ, ಹೊಸ ಬಣ್ಣದ ಈ ಹೆಣದ ಗಾಡಿಯಲ್ಲಿ ನೀನೇ ಊರು ತಿರುಗ್ಬೇಕಾದೀತು."