ಯಾರ ಗೇಣು, ತಾತ?

ಈ ವಯಸ್ಸಿನಲ್ಲಿ ಮನುಷ್ಯನಿಗೆ ಒಂದಿಷ್ಟು ಮರ್ಯಾದೆ ಸಿಗಬೇಕು. ನನಗೆ ಸಿಕ್ಕಿದ್ದು ಎರಡನೇ ಕ್ಲಾಸು. ಸೇರಿಸಿದವಳು ಬೇರೆ ಯಾರೂ ಅಲ್ಲ, ನನ್ನ ಸ್ವಂತ ಮೊಮ್ಮಗಳು.

ಅವಳು ಪ್ರೈಮರಿ ಸ್ಕೂಲ್ ಟೀಚರ್ ಆಗೋಕೆ ಯೂನಿವರ್ಸಿಟಿಯಲ್ಲಿ ಓದ್ತಾ ಇದ್ದಾಳೆ. (ನಮ್ಮ ಕಾಲದಲ್ಲಿ ಅದಕ್ಕೆ ಒಂದು ಬೆತ್ತ, ಒಂದು ಜೊತೆ ಮೀಸೆ ಇದ್ರೆ ಸಾಕಿತ್ತು.) ಓದು ಅಂದ್ರೆ ಬರೀ ಪುಸ್ತಕ ಅಲ್ಲ. ನಿಜವಾದ ಸ್ಕೂಲಿಗೆ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಯೂನಿವರ್ಸಿಟಿ ಮೇಡಂ ಹಿಂದಿನ ಬೆಂಚಲ್ಲಿ ಕೂತು ನೋಡ್ತಾರೆ. ಮೊದಲ ಸಲ ನಮ್ಮ ಪುಟ್ಟಿ (ಮನೇಲಿ ಅವಳನ್ನ ಕರೆಯೋದೇ ಹಾಗೆ) ಎರಡನೇ ಕ್ಲಾಸಲ್ಲಿ ಪಾಠ ಶುರು ಮಾಡಿದ್ದೇ ತಡ, ಒಬ್ಬ ಬೆಂಚಿನ ಕೆಳಗೆ ಇಳಿದ. ಇಬ್ಬರು ನೀರು ಕುಡಿಯೋಕೆ ನಲ್ಲಿ ಹತ್ತಿರ ಹೋದವರು ಹೋದರು, ಬರಲೇ ಇಲ್ಲ. ಉಳಿದವರು ಬೆಂಚಿನ ಕೆಳಗೆ ಇಳಿದವನನ್ನ ಹುಡುಕೋಕೆ ತಾವೂ ಇಳಿದರು. ಪಾಠ ಚೆನ್ನಾಗಿತ್ತು, ಕ್ಲಾಸೇ ಇರಲಿಲ್ಲ ಅಂದರಂತೆ ಮೇಡಂ. ಇನ್ನೊಂದೇ ಅವಕಾಶ. ಅದರಲ್ಲೂ ಕ್ಲಾಸು ಕೈಗೆ ಸಿಗದಿದ್ರೆ ಇಡೀ ವರ್ಷ ಮತ್ತೆ ಓದಬೇಕು.

ಹುಡುಗಿ ಮುಖ ಸಪ್ಪೆ ಮಾಡ್ಕೊಂಡು ಬಂದು ಕೂತಳು. ನನಗೆ ಆಗಲೇ ಹೊಳೆದದ್ದು. ತುಂಟರನ್ನ ಹಿಡಿಯೋದು ಕಲೀಬೇಕು, ಅಷ್ಟೇ ತಾನೇ? ಸಾಕ್ಷಾತ್ ತುಂಟ ಚಕ್ರವರ್ತಿಯೇ ಮನೇಲಿ ಕೂತಿರುವಾಗ ಚಿಂತೆ ಯಾಕೆ? ನನ್ನ ಕಾಟಕ್ಕೆ ಏಳು ಜನ ಹೆಡ್‌ಮಾಸ್ಟರು ವರ್ಗ ಮಾಡಿಸ್ಕೊಂಡು ಹೋದವರು. ಏಳನೆಯವರಂತೂ ಹೋಗುವಾಗ ಸ್ಕೂಲಿನ ಗಂಟೆನೂ ಕಿತ್ಕೊಂಡು ಹೋದರು, ಇನ್ನು ಅಲ್ಲಿ ಯಾರೂ ಪಾಠ ಮಾಡಬಾರದು ಅಂತ.

"ನಿನ್ನೆ ಐದು ಜನ ಅಂದಿದ್ರಿ," ಅಂದಳು ನನ್ನ ಹೆಂಡತಿ, ಬಟಾಣಿ ಬಿಡಿಸ್ತಾ.

"ಇನ್ನಿಬ್ಬರು ನಿನ್ನೆ ನೆನಪಿಗೆ ಬಂದಿರಲಿಲ್ಲ ಕಣೇ."

ಆವತ್ತಿಂದ ನಮ್ಮ ಹಾಲೇ ಪಾಠಶಾಲೆ. ನನ್ನ ಹೆಂಡತಿ ಜಾಣ ವಿದ್ಯಾರ್ಥಿನಿ. (ಕೈಯಲ್ಲಿ ಬಟಾಣಿ, ಬಾಯಲ್ಲಿ ಮೌನ. ಮದುವೆ ಆದಾಗಿಂದ ಆ ಅವತಾರ ನೋಡಿದ್ದು ಅದೇ ಮೊದಲು.) ನಾನು ಊಟದ ಕುರ್ಚಿ ಮೇಲೆ ಕೂತ ಪರಮ ಪೋಕರಿ. ಪುಟ್ಟಿ ಬಾಯಿ ತೆರೆದರೆ ಬೆಕ್ಕಿನ ಥರ ಕೂಗಿದೆ. ಬೆನ್ನು ತಿರುಗಿಸಿದರೆ ಬಟಾಣಿ ಎಸೆದೆ. ಗದರಿದಳು, ನಕ್ಕೆ. ಬೇಡ್ಕೊಂಡಳು, ಕುರ್ಚಿ ಹತ್ತಿದೆ. (ಇಳಿಸೋಕೆ ಇಬ್ಬರೂ ಹಿಡೀಬೇಕಾಯ್ತು, ಅದು ಬೇರೆ ಮಾತು.)

ಕೊನೆಗೆ ಅವಳಿಗೊಂದು ಉಪಾಯ ಸಿಕ್ಕಿತು. ಟೀಚರ್ ತಾಳ ಹಾಕಿ ಚಪ್ಪಾಳೆ ತಟ್ಟಬೇಕು: ಟಪ್, ಟಪ್, ಟಪಟಪ ಟಪ್. ಕೇಳಿದವರೆಲ್ಲ ಅದನ್ನೇ ವಾಪಸ್ ತಟ್ಟಿ ಬಾಯಿ ಮುಚ್ಚಬೇಕು. ಚಪ್ಪಾಳೆ ತಟ್ಟೋ ಕೈಗೆ ಬಟಾಣಿ ಎಸೆಯೋಕೆ ಪುರುಸೊತ್ತು ಇರಲ್ಲ ನೋಡಿ. ವಾರವಿಡೀ ತಟ್ಟಿದಳು, ತಟ್ಟಿಸಿದಳು. ನಾನೂ ದೊಡ್ಡ ಮನಸ್ಸು ಮಾಡಿ ಸೋತೆ.

ಪಾಠದ ವಿಷಯ ಅಳತೆ. ಒಂದೇ ಮೇಜನ್ನ ಮಕ್ಕಳು ತಮ್ಮ ಪುಟ್ಟ ಗೇಣಲ್ಲಿ ಅಳೀಬೇಕು, ಆಮೇಲೆ ದೊಡ್ಡ ಕೈಯವರು ಯಾರಾದರೂ ತಮ್ಮ ಗೇಣಲ್ಲಿ ಅಳೀಬೇಕು. ಲೆಕ್ಕ ತಾಳೆ ಆಗಲ್ಲ. ಸ್ಕೇಲು ಯಾಕೆ ಬೇಕು ಅನ್ನೋದು ಆಗ ಮಕ್ಕಳಿಗೇ ಹೊಳೀಬೇಕು. ನಮ್ಮನೇಲಿ ದೊಡ್ಡ ಕೈ ನನ್ನದು. (ಬಾಯಿನೂ ಅಂದಳು ಹೆಂಡತಿ.) ಹಾಗಾಗಿ ಮೇಡಂ ಒಪ್ಪಿಗೆ ಕೇಳಿ ನನ್ನನ್ನೇ ಅತಿಥಿಯಾಗಿ ಕರ್ಕೊಂಡು ಹೋದಳು. ದಾರಿಯುದ್ದಕ್ಕೂ ಒಂದೇ ಮಾತು: "ತಾತ, ಅಳೆದು ಸುಮ್ನೆ ಕೂತ್ಕೋಬೇಕು. ಕಥೆ ಬೇಡ." ನಾನು ಮಾತು ಕೊಟ್ಟೆ. ಮಾತು ಕೊಡೋದರಲ್ಲಿ ನಾನು ಯಾವತ್ತೂ ಧಾರಾಳಿ.

ಹೋಗಿ ನೋಡಿದರೆ ಮಕ್ಕಳು ಗೊಂಬೆಗಳ ಹಾಗೆ ಕೂತಿವೆ. ಹಿಂದೆ ಮೇಡಂ ಇದ್ದಾರೆ ಅಂತ ಅವರ ಕ್ಲಾಸ್ ಟೀಚರ್ ಹೆದರಿಸಿಟ್ಟಿದ್ರಂತೆ. ಪುಟ್ಟಿ ಮೊದಲು ಚಪ್ಪಾಳೆ ತಾಳ ಹೇಳಿಕೊಟ್ಟಳು, ಒಂದೇ ಸಲಕ್ಕೆ ಕಲಿತವು. ಹೀಗಾದರೆ ನಮ್ಮ ಹುಡುಗಿ ಯಾರನ್ನ ಹಿಡಿದು ತೋರಿಸೋದು? ಮೇಜು ಮಕ್ಕಳ ಕೈಲಿ ಹನ್ನೊಂದು ಗೇಣು, ನನ್ನ ಕೈಲಿ ಆರು. ಎಲ್ಲರೂ ಬೆರಗಾಗಿ ನನ್ನ ಕೈ ನೋಡ್ತಿದ್ರು. ಅಲ್ಲಿಗೆ ನನ್ನ ಕೆಲಸ ಮುಗೀತು, ಕೂತ್ಕೋಬೇಕಿತ್ತು. ಆದರೆ ಅಷ್ಟು ಕಣ್ಣು ಒಟ್ಟಿಗೆ ನನ್ನನ್ನ ನೋಡಿ ಎಷ್ಟು ವರ್ಷ ಆಗಿತ್ತೋ!

ಇದೇ ಕೈಯಲ್ಲಿ ನಾನು ನಲವತ್ತು ಗೇಣು ಉದ್ದದ ಮೀನು ಹಿಡಿದಿದ್ದೆ ಅಂದೆ. ಅದು ನನ್ನನ್ನ ಕೆರೆ ಸುತ್ತ ಎಳ್ಕೊಂಡು ಹೋಗಿದ್ದು, ನಡುವೆ ನಾನೊಂದು ನಿದ್ದೆ ತೆಗೆದಿದ್ದು, ಎಲ್ಲ ಹೇಳಿದೆ. ಮಕ್ಕಳು ಬೆಂಚು ಹತ್ತಿದವು. ಒಬ್ಬ ಮೀನಾಗಿ ನೆಲದ ಮೇಲೆ ಈಜಿದ, ನಾಲ್ವರು ಬಲೆಯಾಗಿ ಅವನ ಮೇಲೆ ಬಿದ್ದರು. ಮೇಡಂ ಗಡಿಯಾರ ನೋಡಿದರು. ಪುಟ್ಟಿ ಎರಡು ಸಲ "ತಾತ" ಅಂದಳಂತೆ. ನಾನು ಮೀನನ್ನ ಸೈಕಲ್ ಕ್ಯಾರಿಯರ್‌ಗೆ ಕಟ್ಟೋ ಗಡಿಬಿಡಿಯಲ್ಲಿದ್ದೆ.

ಟಪ್, ಟಪ್, ಟಪಟಪ ಟಪ್.

ಮಕ್ಕಳು ತಟ್ಟಿದವು, ಕೂತವು. ನನ್ನ ಕೈಯೂ ತಟ್ಟಿತು. ನಾನು ಹೇಳಿರಲಿಲ್ಲ, ಅದೇ ತಟ್ಟಿತು. ಬಾಯಿ ತಾನಾಗಿ ಮುಚ್ಚಿತು.

ಪುಟ್ಟಿ ಗದರಲಿಲ್ಲ. ಅತಿಥಿಗಳನ್ನ ಯಾರಾದರೂ ಏನಾದರೂ ಕೇಳ್ತೀರಾ ಅಂದಳು, ನಗ್ತಾ. ಮುಂದಿನ ಬೆಂಚಲ್ಲಿ, ಹಲ್ಲು ಬಿದ್ದ ಒಂದು ಹಿಡಿಯಷ್ಟು ಹುಡುಗಿ ಕೈ ಎತ್ತಿತು.

"ಯಾರ ಗೇಣು, ತಾತ?"

ನನ್ನದೇ ಅಂದೆ, ಇನ್ನೇನು ಹೇಳಲಿ. ಹಾಗಾದರೆ ನೋಡೇಬಿಡೋಣ ಅಂತ ಪುಟ್ಟಿ ಸ್ಕೇಲು, ಚಾಕ್‌ಪೀಸು ಎರಡೂ ಅದರ ಕೈಗೆ ಕೊಟ್ಟಳು. ನನ್ನ ಗೇಣಿಗೆ ಸ್ಕೇಲು ಹಿಡಿದರು. ಅಂಥ ನಲವತ್ತು ನೆಲದ ಮೇಲೆ ಗುರುತು ಮಾಡ್ತಾ ಹೊರಟರು. ಗೆರೆ ಬೋರ್ಡಿನ ಹತ್ತಿರ ಹೊರಟು, ಬೆಂಚು ದಾಟಿ, ಬಾಗಿಲು ದಾಟಿ, ವರಾಂಡದ ನಲ್ಲಿ ಹತ್ತಿರ ನಿಂತಿತು. ಇಡೀ ಕ್ಲಾಸು ಸಾಲಾಗಿ ನಲ್ಲಿವರೆಗೂ ಹೋಯ್ತು, ಸಾಲಾಗಿ ವಾಪಸ್ ಬಂತು. ಆ ಹುಡುಗಿ ಮಾತ್ರ ಬಾಗಿಲಲ್ಲಿ ನಿಂತು ಗೆರೆ ನೋಡಿತು, ನನ್ನ ನೋಡಿತು.

"ಇದು ಸೈಕಲ್ ಮೇಲೆ ಹೇಗೆ ಕೂತ್ಕೊಳ್ತು?"

ಪಾಠ ಮುಗಿದ ಮೇಲೆ ಮೇಡಂ ಪುಟ್ಟಿಗೆ ಹೇಳಿದ್ದನ್ನ ನಾನೇ ಕೇಳಿಸ್ಕೊಂಡೆ. "ಮಕ್ಕಳು ಇವತ್ತು ಶುರುವಿನಲ್ಲಿ ಎಷ್ಟು ಒಳ್ಳೆಯವರಾಗಿದ್ರು ಅಂದ್ರೆ, ಅವರನ್ನ ನೋಡಿ ನಿನ್ನನ್ನ ಪಾಸ್ ಮಾಡೋಕೆ ಆಗ್ತಿರಲಿಲ್ಲ. ಆದ್ರೆ ಆ ಹಿರಿಯ ವಿದ್ಯಾರ್ಥಿನ ಕೂರಿಸಿದೆಯಲ್ಲ, ಇನ್ನು ಯಾವ ಕ್ಲಾಸಿಗೂ ನೀನು ಹೆದರಬೇಕಾಗಿಲ್ಲಮ್ಮ."

ಎಲ್ಲ ನಾನು ಬೇಕಂತಲೇ ಮಾಡಿದ್ದು ಅಂತ ದಾರಿಯಲ್ಲಿ ವಿವರಿಸಿದೆ. ಪುಟ್ಟಿ ನನ್ನ ಕೈ ಬಿಡದೆ, "ಹೂಂ ತಾತ, ಹೂಂ ತಾತ" ಅಂದಳು. ಒಳ್ಳೇ ಟೀಚರ್ ಆಗ್ತಾಳೆ. ಮನೆಗೆ ಬಂದು ಹೆಂಡತಿಗೂ ವಿವರಿಸಿದೆ, ಅವಳು ಹೂಂ ಅನ್ನಲಿಲ್ಲ.

ನಿನ್ನೆ ಪಕ್ಕದ ಮನೆಯವರು ಬಂದಿದ್ದರು. ಅವರಿಗೆ ಮೀನಿನ ಸಂಗತಿ ಶುರು ಮಾಡಿದೆ. (ಈಗ ಇಪ್ಪತ್ತೇ ಗೇಣು, ನಾನೂ ಕಲೀತಿದ್ದೀನಿ.) ಕ್ಯಾರಿಯರ್ ಹತ್ತಿರ ಬಂದಿದ್ದೆ, ಅಷ್ಟರಲ್ಲಿ ಅಡುಗೆಮನೆಯಿಂದ ಕೇಳಿಸಿತು: ಟಪ್, ಟಪ್, ಟಪಟಪ ಟಪ್. ನನ್ನ ಕೈ ತಟ್ಟಿತು, ಬಾಯಿ ಮುಚ್ಚಿತು. ಪಾಪ, ಪಕ್ಕದ ಮನೆಯವರು ಮರ್ಯಾದೆಗೆ ಅಂತ ತಾವೂ ತಟ್ಟಿದರು. ನನ್ನ ಹೆಂಡತಿ ಬಂದು ಬಟಾಣಿ ಬುಟ್ಟಿಯನ್ನ ನನ್ನ ತೊಡೆ ಮೇಲಿಟ್ಟು ಹೋದಳು.

ಮೀನು ಇನ್ನೂ ಸೈಕಲ್ ಮೇಲೇ ಇದೆ.