ಹನ್ನೆರಡನೆಯ ಫಾರಂ

ಬೈಂಡರ್ ಅಂದು ಬೆಳಿಗ್ಗೆ ಮಾಡಿದ ಮೊದಲ ಕೆಲಸವೆಂದರೆ ತನ್ನ ಕನ್ನಡಕದ ಮೇಲೆ ತಾನೇ ಕುಳಿತದ್ದು.

"ಏನ್ರೀ ಅದು ಸದ್ದು?" ಒಳಗಿನಿಂದ ಹೆಂಡತಿ ಕೇಳಿದಳು.

"ನನ್ನ ಕನ್ನಡಕ ಕಣೇ."

"ಸ್ಟೂಲ್ ಮೇಲೆ ಇಡಬೇಡಿ ಅಂತ ನಿನ್ನೆನೇ ಹೇಳಿದ್ದೆ."

ನಿನ್ನೆ ಅವಳು ಹಾಗೇನೂ ಹೇಳಿರಲಿಲ್ಲ. ಆದರೆ ಇಪ್ಪತ್ತು ವರ್ಷದ ಸಂಸಾರದಲ್ಲಿ ನಡೆದ ಯಾವ ಅನಾಹುತವನ್ನೂ ಅವಳು ಹಿಂದಿನ ದಿನವೇ ಹೇಳದೆ ಬಿಟ್ಟದ್ದಿಲ್ಲ.

ಲೈಬ್ರರಿ ಮೇಡಂ ಅವನಿಗೆ ಎರಡು ಕೆಲಸ ಒಪ್ಪಿಸಿದ್ದರು. ಒಂದು, ಹತ್ತು ಗಂಟೆಯೊಳಗೆ ಸದಸ್ಯರ ರಿಜಿಸ್ಟರಿಗೆ ಹೊಸ ರಟ್ಟು. ಇನ್ನೊಂದು, ಸಂಜೆ ಐದರೊಳಗೆ ಆ ಕೊಲೆ ಕಾದಂಬರಿಯ ರಿಪೇರಿ. "ಐದು ಅಂದ್ರೆ ಐದು. ತಪ್ಪಿದ್ರೆ ಮುಂದಿನ ವರ್ಷದ ಬೈಂಡಿಂಗ್ ಅಷ್ಟೂ ನಿಮ್ಮ ಭಾವಮೈದನಿಗೆ" ಎಂದಿದ್ದರು. ಭಾವಮೈದ ಎದುರು ಬೀದಿಯಲ್ಲಿ ಹೊಸ ಅಂಗಡಿ ಇಟ್ಟು ಆರು ತಿಂಗಳಾಗಿತ್ತು. ಬೈಂಡರ್ ಈ ಸಂಕಟವನ್ನು ಹೆಂಡತಿಯ ಬಳಿ ತೋಡಿಕೊಂಡರೆ ಅವಳು, "ಯಾರಿಗೆ ಹೋದ್ರೂ ಮನೆಯೊಳಗೇ ಇರುತ್ತಲ್ಲ" ಎಂದು ಸಮಾಧಾನ ಹೇಳಿದ್ದಳು.

ಕಾದಂಬರಿಯನ್ನು ಊರು ಓದಿ ಓದಿ ಚಿಂದಿ ಮಾಡಿತ್ತು. ಒಂದು ಸಣ್ಣ ಊರು. ಒಂದಾದ ಮೇಲೊಂದು ಏಳು ಕೊಲೆ. ಸತ್ತ ಪ್ರತಿಯೊಬ್ಬರ ಎಡಗಾಲಿನ ಚಪ್ಪಲಿ ಮಾತ್ರ ಮಾಯ. ಪೊಲೀಸರ ಜೊತೆ ಪೋಸ್ಟ್ ಮಾಸ್ಟರ್ ಒಬ್ಬರು ಮನೆ ಮನೆ ತಿರುಗಿ ಹುಡುಕುತ್ತಿದ್ದಾರೆ. ಕೊಲೆಗಾರ ಯಾರು? ಅರ್ಧ ಊರಿಗೆ ಗೊತ್ತು, ಹೇಳುತ್ತಿಲ್ಲ. ಉಳಿದರ್ಧ ಸರದಿಯಲ್ಲಿ ಕಾಯುತ್ತಿದೆ. ಬೈಂಡರನೂ ಕಾಯುವವರ ಪೈಕಿಯೇ.

ಹೊಲಿಗೆ ಬಿಚ್ಚಿದಾಗ ಪುಸ್ತಕ ಹನ್ನೆರಡು ಫಾರಂ ಆಯಿತು. ಹದಿನಾರು ಪುಟದ ಒಂದೊಂದು ಮಡಿಕೆಗೆ ಬೈಂಡರುಗಳು ಹೇಳುವ ಹೆಸರು ಅದು. ಅವನ ಮೇಜಿನ ಮೇಲೆ ಒಂದು ಶಿಸ್ತಿತ್ತು: ಬಲಗಡೆ ಕೆಲಸದ ಕಾಗದ, ಎಡಗಡೆ ರದ್ದಿ. ಮೂವತ್ತು ವರ್ಷದ ಅಭ್ಯಾಸ, ಕಣ್ಣು ಮುಚ್ಚಿದರೂ ಕೈ ತಪ್ಪುತ್ತಿರಲಿಲ್ಲ. ಅಂದು ಕನ್ನಡಕವಿಲ್ಲದ್ದರಿಂದ ಕಿಟಕಿಯ ಬೆಳಕು ಬೇಕೆಂದು ಸ್ಟೂಲನ್ನು ಮೇಜಿನ ಆಚೆ ಬದಿಗೆ ಎಳೆದುಕೊಂಡು ಕುಳಿತ. ಕೈ ಚಾಚಿ ಎಡಗಡೆಯ ಕಾಗದ ತೆಗೆದು, ರಿಜಿಸ್ಟರಿನ ಬೆನ್ನಿಗೆ ಪದರ ಪದರವಾಗಿ ಅಂಟಿಸಿ, ಮೇಲೆ ಬಟ್ಟೆ ಎಳೆದು ಮುಗಿಸಿದ. ಹತ್ತಕ್ಕೆ ಸರಿಯಾಗಿ ಹಸಿ ಅಂಟಿನ ರಿಜಿಸ್ಟರನ್ನು ಲೈಬ್ರರಿಗೆ ಮುಟ್ಟಿಸಿ ಕನ್ನಡಕದಂಗಡಿಗೆ ಓಡಿದ.

"ನಾಳೆ ಬನ್ನಿ" ಎಂದ ಕನ್ನಡಕದವನು.

"ಸಂಜೆಯೊಳಗೆ ಆ ಕಾದಂಬರಿ ಹೊಲೀಬೇಕು ಮಾರಾಯ!"

ಕನ್ನಡಕದವನ ಮುಖ ಅರಳಿತು. "ಅದು ನಿಮ್ಮ ಹತ್ರ ಇದೆಯಾ? ಮೊದಲಿನ ಮೂರು ಫಾರಂ ಕೊಡಿ, ಓದ್ತಾ ಓದ್ತಾ ಇವತ್ತೇ ಮಾಡ್ಕೊಡ್ತೀನಿ."

ಗತಿಯಿಲ್ಲದೆ ಬೈಂಡರ್ ಮನೆಗೆ ಬಂದು, ಮೂರು ಫಾರಂ ಒಯ್ದು ಕೊಟ್ಟು, ಮತ್ತೆ ಬರುವಷ್ಟರಲ್ಲಿ ಮೇಜು ಖಾಲಿ!

"ಉಳಿದದ್ದೆಲ್ಲಿ?"

"ಮೇಷ್ಟ್ರು ಬಂದಿದ್ರು, ಮೂರು ತಗೊಂಡ್ರು. ನಿಮಗೆ ಪಾಠ ಹೇಳಿದೋರಿಗೆ ಇಲ್ಲ ಅನ್ನೋಕಾಗುತ್ತಾ? ಆಮೇಲೆ ಹಲ್ಲಿನ ಡಾಕ್ಟ್ರು ಆಳು ಕಳಿಸಿದ್ರು. ಆಮೇಲೆ ಹೆಡ್ ಕಾನ್‌ಸ್ಟೇಬಲ್ಲು. ಪೊಲೀಸಿನೋರ ಹತ್ರ ವಾದ ಮಾಡ್ಲಾ ನಾನು?"

ಬೈಂಡರ್ ಓಡಿದ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕೆಂಪು ಪೆನ್ನು ಹಿಡಿದು ನಾಲ್ಕನೆಯ ಫಾರಂನ ಕಾಗುಣಿತ ತಿದ್ದುತ್ತಿದ್ದರು.

"ಸಾರ್, ಕೊಡಿ ಸಾರ್."

"ಕೊಡ್ತೀನಿ. ಮುಂದಿಂದು ತಗೊಂಬಾ. ನಡುವೆ ಬಿಟ್ಟು ಏಳೋ ಅಭ್ಯಾಸ ನಿನ್ನದು, ನನ್ನದಲ್ಲ."

ಮುಂದಿನದು ಡಾಕ್ಟರ ಬಳಿ. ಅಲ್ಲಿ ರೋಗಿಯೊಬ್ಬ ಬಾಯಿ ತೆರೆದು ಒರಗಿದ್ದ. ಡಾಕ್ಟರು ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಎಂಟನೆಯ ಫಾರಂ ಹಿಡಿದು ಜೋರಾಗಿ ಓದುತ್ತಿದ್ದರು. ಐದನೆಯ ಹೆಣ ಬಿದ್ದಾಗ ರೋಗಿ "ಆಂ!" ಎಂದ. ಅದು ಹಲ್ಲಿನ ನೋವೋ ಕತೆಯ ನೋವೋ ಗೊತ್ತಾಗಲಿಲ್ಲ.

"ಹತ್ತನೇದು ತನ್ನಿ, ಕೊಡ್ತೀನಿ" ಎಂದರು ಡಾಕ್ಟರು. ರೋಗಿಯೂ ತಲೆಯಾಡಿಸಿದ.

ಹತ್ತು ಮತ್ತು ಹನ್ನೊಂದು ಕಾನ್‌ಸ್ಟೇಬಲ್ ಬಳಿ. ಅವನು ಹಿಂದಿನದು ಓದದೆ ಮುಂದಿನದು ಅರ್ಥವಾಗದೆ ಕೆಂಡವಾಗಿದ್ದ. "ಏಳು ಜನ ಸತ್ತಿದ್ದಾರೆ, ಯಾರು ಯಾರು ಅಂತ್ಲೇ ನಂಗೆ ಗೊತ್ತಿಲ್ಲ! ಹಿಂದಿಂದು ತಂದ್ರೆ ಸರಿ, ಇಲ್ಲದಿದ್ರೆ ಇಲ್ಲ."

ಹೀಗೆ ಮಧ್ಯಾಹ್ನವೆಲ್ಲಾ ಬೈಂಡರ್ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಫಾರಂ ಹೊತ್ತ. ಊಟವಿಲ್ಲ, ನೀರಿಲ್ಲ, ಕಣ್ಣೂ ಸರಿಯಾಗಿ ಕಾಣದು. ದಾರಿಯಲ್ಲಿ ಮೂರು ಸಲ ಒಂದೇ ಕಂಬಕ್ಕೆ ಡಿಕ್ಕಿ ಹೊಡೆದ. ಎಲ್ಲರೂ ತೃಪ್ತಿಯಾಗುವಷ್ಟು ಓದಿ, ಹನ್ನೊಂದು ಫಾರಂ ಅವನ ಕೈಗೆ ಬಂದಾಗ ಮೂರೂವರೆ. ಆಗ ನಾಲ್ವರೂ ಒಂದೇ ಬಾಯಿಂದ ಕೇಳಿದರು: "ಹನ್ನೆರಡನೇದು ಎಲ್ಲಿ?"

"ನಿಮ್ಮಲ್ಲೇ ಒಬ್ಬರ ಹತ್ರ ಇದೆ!"

ಯಾರೂ ಒಪ್ಪಲಿಲ್ಲ. ಬೈಂಡರನ ತಾಳ್ಮೆ ಅಲ್ಲಿಗೆ ತೀರಿತು. ಬೆಳಗಿನಿಂದ "ಕೊಡಿ ಸಾರ್" ಎಂದು ಅಂಗಲಾಚಿದವನು ಈಗ ಹುಲಿಯಾದ. ಕನ್ನಡಕದವನ ಗಾಜಿನ ಪೆಟ್ಟಿಗೆಗಳನ್ನು ಮಗುಚಿದ. ಮೇಷ್ಟ್ರ ಹಾಸಿಗೆ ಎತ್ತಿಸಿದ. ಡಾಕ್ಟರ ಡ್ರಾಯರಿನಲ್ಲಿ ಕೈಯಾಡಿಸಿ ಯಾರದೋ ಹಲ್ಲಿನ ಸೆಟ್ಟು ಹೊರಗೆಳೆದ. ಕಾನ್‌ಸ್ಟೇಬಲ್‌ನ ಟೋಪಿಯನ್ನೂ ಬಿಡಲಿಲ್ಲ.

"ಕಳ್ಳತನ ಮಾಡೋಕೆ ನಾಚಿಕೆ ಆಗಲ್ವಾ? ಓದಿದೋರು ನೀವು!"

"ನಿನ್ನಂಥ ಶಿಷ್ಯನಿಗೆ ಅಕ್ಷರ ಕಲಿಸಿದ್ನಲ್ಲ, ಅದಕ್ಕೆ ನಾಚಿಕೆ" ಎಂದರು ಮೇಷ್ಟ್ರು ಹಾಸಿಗೆ ಸರಿಮಾಡುತ್ತಾ.

ಇರುವ ಹನ್ನೊಂದನ್ನೇ ಹೇಗೋ ಹೊಲಿದು, ರಟ್ಟು ಹಚ್ಚಿ, ಐದಕ್ಕೆ ಐದು ನಿಮಿಷ ಇರುವಾಗ ಅವನು ಲೈಬ್ರರಿ ಸೇರಿದ. ಹಿಂದೆಯೇ ಮೆರವಣಿಗೆಯಂತೆ ಆ ನಾಲ್ವರೂ ಬಂದರು.

"ಮೇಡಂ, ಕೊನೇ ಫಾರಂ ಇವರಲ್ಲಿ ಒಬ್ಬರು ಕದ್ದಿದ್ದಾರೆ. ನನ್ನ ತಪ್ಪೇನೂ ಇಲ್ಲ. ಬೇಕಾದ್ರೆ ಆಣೆ ಮಾಡ್ತೀನಿ."

ಮೇಡಂ ತಲೆ ಎತ್ತಲಿಲ್ಲ. ಬೆಳಿಗ್ಗೆ ಬಂದ ರಿಜಿಸ್ಟರಿನ ಜೊತೆ ಗುದ್ದಾಡುತ್ತಿದ್ದರು. "ಅದಿರಲಿ. ಇದರ ಬೆನ್ನು ಯಾಕೆ ಇಷ್ಟು ದಪ್ಪ? ತೆರೆದ್ರೆ ನಿಲ್ಲಲ್ಲ, ಬಿಟ್ರೆ ಪಟ್ಟಂತ ಮುಚ್ಚಿಕೊಳ್ಳುತ್ತೆ. ಏನು ತುಂಬಿದ್ದೀರಿ ಒಳಗೆ?"

"ರದ್ದಿ ಮೇಡಂ. ಯಾವಾಗ್ಲೂ ಹಾಕೋದೇ. ಎಡಗಡೆಯಿಂದ..."

ಕಿಟಕಿ ಕಣ್ಣೆದುರು ಬಂತು. ಸ್ಟೂಲು ಬಂತು. ಮೇಜಿನ ಆಚೆ ಬದಿಗೆ ಕುಳಿತವನ ಎಡಗೈ ರದ್ದಿಗಲ್ಲ, ಕೆಲಸದ ಕಾಗದಕ್ಕೆ ಹೋಗುತ್ತದೆಂದು ಅವನಿಗೆ ಆಗ ಹೊಳೆಯಿತು. ಅವನಿಗರಿವಿಲ್ಲದೆಯೇ ಎಡಗೈ ಬೆನ್ನ ಹಿಂದೆ ಅಡಗಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ" ಎಂದ ಕಾನ್‌ಸ್ಟೇಬಲ್. ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಸೈಕಲ್ ಕಳ್ಳನನ್ನೂ ಹಿಡಿಯದವನಿಗೆ ಅಂದು ಮೊದಲ ಬಾರಿಗೆ ವಾಸನೆ ಹತ್ತಿತು. ರಿಜಿಸ್ಟರನ್ನು ಎಳೆದುಕೊಂಡು ಬೆನ್ನಿನ ಬಟ್ಟೆಯನ್ನು ಉಗುರಿನಿಂದ ಎಬ್ಬಿಸಿದ. ಅಂಟು ಇನ್ನೂ ಹಸಿ. ಸರ್ರನೆ ಕಿತ್ತು ಬಂತು. ಒಳಗೆ ಎಂಟು ಹಾಳೆ, ಒಂದರ ಮೇಲೊಂದು.

"ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ್ನಲ್ಲಯ್ಯ!" ಮೇಷ್ಟ್ರು ಹಣೆ ಚಚ್ಚಿಕೊಂಡರು.

"ಅದಿರಲಿ ಸಾರ್, ಓದ್ರಿ, ಓದ್ರಿ!" ಡಾಕ್ಟರು ಅವಸರಿಸಿದರು.

ಅಂಟಿನಲ್ಲಿ ಅಕ್ಷರ ಕಲಸಿಹೋಗಿ ಒಂದೇ ಒಂದು ಸಾಲು ಉಳಿದಿತ್ತು. ಕಾನ್‌ಸ್ಟೇಬಲ್ ಅದನ್ನು ಬೆಳಕಿಗೆ ಹಿಡಿದು ಓದಿದ: "'ಊರಿನ ಪ್ರತಿ ಮನೆ ಜಾಲಾಡಿ, ಪ್ರತಿಯೊಬ್ಬರನ್ನೂ ಬೈದು, ಎಲ್ಲರಿಗಿಂತ ಜೋರಾಗಿ ಹುಡುಕಿದವನೇ ಈ ಪಾತಕಿ.'"

ಕಾದಂಬರಿಯ ಪೋಸ್ಟ್ ಮಾಸ್ಟರರನ್ನು ಯಾರೂ ನೆನೆಯಲಿಲ್ಲ. ಐದು ಜೊತೆ ಕಣ್ಣುಗಳು ನಿಧಾನವಾಗಿ ಬೈಂಡರನ ಕಡೆ ತಿರುಗಿದವು.

ಕನ್ನಡಕದವನಿಗೆ ಮಾತ್ರ ಪಾಪ ಅನ್ನಿಸಿರಬೇಕು. ಜೇಬಿನಿಂದ ಒಂದು ಪೊಟ್ಟಣ ತೆಗೆದು ಕೊಟ್ಟ. "ತಗೊಳ್ಳಿ, ಹೇಳಿದ ಹಾಗೆ ಇವತ್ತೇ ಆಯ್ತು. ಹಾಕ್ಕೊಂಡು ನೋಡಿ, ಸರಿ ಕಾಣುತ್ತಾ?"

ಬೈಂಡರ್ ಕನ್ನಡಕ ಹಾಕಿಕೊಂಡ. ಬಹಳ ಚೆನ್ನಾಗಿ ಕಾಣುತ್ತಿತ್ತು. ಮೇಡಂ ಮೇಜಿನ ಮೇಲಿನ ಬೈಂಡಿಂಗ್ ಪಟ್ಟಿಯಲ್ಲಿ ಅವನ ಹೆಸರು ಹೊಡೆದುಹಾಕಿ, ಅದರ ಪಕ್ಕದಲ್ಲಿ ಭಾವಮೈದನ ಹೆಸರು ಬರೆಯುತ್ತಿದ್ದರು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.