ಕಾಣದ ಕಮೋಡು

ಹುಡುಕಿದ ವಸ್ತು ಸಿಗದಿದ್ದರೆ ಆ ವಸ್ತುವನ್ನೇ ಬೈಯುವುದು ನನ್ನ ಹುಟ್ಟುಗುಣ. ಹಿಮಾಯತ್‌ನಗರದ ಕಚೇರಿಯಲ್ಲಿ ಮನೆಗಳ ನಕ್ಷೆ ಬರೆಯುತ್ತಲೇ ತಲೆ ನರೆಸಿಕೊಂಡವನಿಗೆ ನಮ್ಮ ಸಾಹೇಬರು ಈಚೆಗೆ ಹೊಸ ಸಾಫ್ಟ್‌ವೇರ್ ಗಂಟು ಹಾಕಿದರು. ಅದರಲ್ಲಿ ಗೆರೆ ಎಳೆದರೆ ಗೋಡೆಯೇ ಎದ್ದು ನಿಲ್ಲುತ್ತದಂತೆ. ಸಂತೋಷ. ಆದರೆ ಗೋಡೆಗೆ ಒತ್ತಬೇಕಾದ ಗುಂಡಿ ಎಲ್ಲಿದೆ? ಪರದೆಯ ಮೇಲ್ಗಡೆ ಪುಟ್ಟ ಪುಟ್ಟ ಚಿತ್ರಗಳು ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಹಾಗೆ ಗಿಜಿಗುಡುತ್ತವೆ. ನನಗೆ ಬೇಕಾದ ಬಸ್ಸು ಮಾತ್ರ ಎಲ್ಲಿ ನಿಲ್ಲುತ್ತದೋ ತಿಳಿಯದು. ಒಂದು ದಿನ ಎಡಗಡೆಯ ಪಟ್ಟಿಯನ್ನು ತಪ್ಪಿ ಮುಚ್ಚಿಬಿಟ್ಟೆ. ಅದನ್ನು ಮರಳಿ ತರಲು ಕಂಡಕಂಡದ್ದನ್ನೆಲ್ಲ ಒತ್ತಿದೆ.

"ಏನ್ ಹುಡುಕಾಕತ್ತೀರಿ ಸರ್? ಅಲ್ಲೇ ಐತಿ ನೋಡ್ರಿ, ನಿಮ್ಮ ಕಣ್ಣ ಮುಂದನ," ಎಂದಳು ಪಕ್ಕದ ಮೇಜಿನ ಸುಚಿತ್ರಾ. ಬೆಲ್ಲದ ಡಬ್ಬಿಯ ವಿಷಯದಲ್ಲಿ ಹೆಂಡತಿಯಿಂದ ಇದೇ ಮಾತು ಕೇಳಿ ಕೇಳಿ ಸಾಕಾಗಿದ್ದ ನಾನು, ಯಾರ ಸಹಾಯವೂ ಬೇಡವೆಂದು ಬಿಗಿದುಕೊಂಡೆ.

ಅದೇ ಹೊತ್ತಿಗೆ ನನ್ನ ಷಡ್ಡಕರಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಮನೆ ಕಟ್ಟಿಸುವ ಮನಸ್ಸಾಯಿತು. "ನಮ್ಮವರಿಗೇ ಹೇಳ್ರಿ ಭಾವಾರ, ಕಂಪ್ಯೂಟರ್‌ನಾಗ ಇಡೀ ಮನಿ ತಿರುಗಿಸಿ ತೋರಸ್ತಾರ," ಎಂದು ನನ್ನ ಹೆಂಡತಿ ಮಾತು ಕೊಟ್ಟೇಬಿಟ್ಟಳು. ಕೆಲಸ ಕೆಟ್ಟರೆ ಸಾಹೇಬರಾದರೂ ಮರೆತಾರು, ಹೆಂಡತಿಯ ತವರಿನವರು ಪ್ರತಿ ಮದುವೆಯ ಪಂಕ್ತಿಯಲ್ಲೂ ನೆನೆಯುತ್ತಾರೆ. ನನಗೆ ನಿಜಕ್ಕೂ ಭಯವಾಯಿತು.

ಹೇಗೋ ಗೋಡೆ, ಬಾಗಿಲು ಮುಗಿಸಿದೆ. ಮರುದಿನ ನಕ್ಷೆ ತೆರೆದು ಬಚ್ಚಲಿನಲ್ಲಿ ಕಮೋಡು ಇಟ್ಟೆ. ಕಾಣಲಿಲ್ಲ. ಮತ್ತೆ ಇಟ್ಟೆ. ತುಸು ಎಡಕ್ಕೆ, ತುಸು ಬಲಕ್ಕೆ, ಕೊನೆಗೆ ಸಿಟ್ಟಿನಿಂದ ಪಡಸಾಲೆಯಲ್ಲೂ ಒತ್ತಿದೆ. ಊಹೂಂ. ಸಾಫ್ಟ್‌ವೇರೇ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಇರಾನಿ ಚಹಾ ಕುಡಿಯಲು ಹೋದೆ.

ಮರಳುವಷ್ಟರಲ್ಲಿ ಷಡ್ಡಕ ದಂಪತಿ ನನ್ನ ಹೆಂಡತಿಯನ್ನೂ ಕರೆದುಕೊಂಡು ಕಚೇರಿಗೆ ಬಂದಿದ್ದರು. ಇಡೀ ಮನೆ ತೋರಿಸುವ ಗುಂಡಿಯೊಂದು ನನಗೆ ಗೊತ್ತಿತ್ತು, ಒತ್ತಿದೆ. ಮನೆ ಎದ್ದಿತು. ಅದರ ತಾರಸಿಯ ತುಂಬ ಬೆಳ್ಳನೆಯ ಕಮೋಡುಗಳು!

"ಏನ್ರಿ ಇದು, ಮ್ಯಾಲೆ ಲಗ್ನದ ಬೀಗರನ್ನ ಇಳಸಾವ್ರೇನು?" ಎಂದರು ಷಡ್ಡಕರು. ಹೆಂಡತಿ ನೆಲ ನೋಡತೊಡಗಿದಳು. ಸುಚಿತ್ರಾ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದಾಗ ತಿಳಿಯಿತು: ಕಮೋಡು ಇಡಲು ನಾನು ತೆರೆದದ್ದು ತಾರಸಿಯ ನಕ್ಷೆ, ಕೆಳಗಿನ ಗೋಡೆಗಳು ಅದರಲ್ಲಿ ಮಸುಕಾಗಿ ಕಂಡದ್ದಕ್ಕೆ ಮೋಸಹೋಗಿದ್ದೆ. ಬಚ್ಚಲಿನ ಸಾಮಾನು ಆ ನಕ್ಷೆಯಲ್ಲಿ ಮಾತ್ರ ಕಾಣದಂತೆ ಮಾಡಿದವನೂ ನಾನೇ, ಕಂಡಕಂಡದ್ದನ್ನೆಲ್ಲ ಒತ್ತಿದ ದಿನ.

ಆಗ ಹೆಂಡತಿಯ ಅಕ್ಕ ಬಾಯಿಬಿಟ್ಟರು. "ಒಂದು ಇರಲಿ ಬಿಡ್ರಿ. ಹಪ್ಪಳ ಒಣಗಸೂ ಮುಂದ ಈ ಮೊಣಕಾಲು ಕಟಗೊಂಡು ಸಾರೆಸಾರೆ ಕೆಳಗ ಇಳಿಯೂದು ತಪ್ಪತೈತಿ."

"ನಾನೂ ಅದನ್ನ ವಿಚಾರ ಮಾಡಿದ್ದೆರಿ, ಅಕ್ಕಾರ," ಎಂದೆ ತಡಮಾಡದೆ. ಹೆಂಡತಿ ತಲೆ ಎತ್ತಿದಳು. "ನೋಡ್ರಿ, ನಮ್ಮವರ ತಲಿ ಹೆಂಗ ಓಡತೈತಿ!" ನನಗೆ ಹೋದ ಜೀವ ಬಂತು.

"ಭಾಳ ಚಲೋ ಆತು. ಉಳಿದಾವನ್ನ ಈಗ ತಗದುಬಿಡ್ರಿ," ಎಂದರು ಷಡ್ಡಕರು. ನಾನು ಗಂಭೀರವಾಗಿ ತಾರಸಿಯ ನಕ್ಷೆ ತೆರೆದೆ. ಒಂದೂ ಕಾಣಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ಸುಚಿತ್ರಾ," ಎಂದೆ, "ನನ್ನ ಕಣ್ಣ ಮುಂದ ಏನೇನೈತಿ, ಒಂಚೂರು ಹೇಳವ್ವಾ."